ತಪ್ಪು ಗಾಡಿ ಹತ್ತಿದವಳು

ಆ ಮನೆಗೆ ನೆಂಟರು ಬಂದರೆ ಸಾಕು, ಮಾವನವರು ಒಂದು ಕತೆ ಹೇಳಿಯೇ ಹೇಳುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವರ ಹೆಂಡತಿ ತಪ್ಪು ಗಾಡಿ ಹತ್ತಿದ ಕತೆ. ಆಗ ಅವರು ಗುಡ್ಡದ ರೈಲಿನಲ್ಲಿ ಸ್ಟೇಷನ್ ಮಾಸ್ತರು. ನಡುಗುಡ್ಡದಲ್ಲಿ, ಮೇಲೊಂದು ಸುರಂಗ ಕೆಳಗೊಂದು ಸುರಂಗ, ಎರಡರ ನಡುವೆ ಸಿಕ್ಕಿಕೊಂಡ ಹಾಗೆ ಒಂದು ಪುಟ್ಟ ಸ್ಟೇಷನ್ನು, ಅದಕ್ಕಂಟಿಕೊಂಡು ಎರಡು ಕೋಣೆಯ ಮನೆ. ಹೊಸ ಹೆಂಡತಿ ಗುಡ್ಡದ ಮೇಲಿನ ಪೇಟೆಗೆ ಹೋಗಿ ಒಂದು ಕನ್ನಡಿ ಕೊಂಡು ಬರುತ್ತೇನೆಂದು ಹೊರಟವಳು, ಮೇಲೆ ಹೋಗುವ ಗಾಡಿ ಬಿಟ್ಟು ಕೆಳಗೆ ಹೋಗುವ ಗಾಡಿ ಹತ್ತಿ ಕೂತುಬಿಟ್ಟಳಂತೆ. "ಸ್ಟೇಷನ್ ಮಾಸ್ತರನ ಹೆಂಡತಿಗೆ ಅಪ್ ಯಾವುದು ಡೌನ್ ಯಾವುದು ಗೊತ್ತಿಲ್ಲ!" ಎಂದು ಮಾವ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಅತ್ತೆಯವರು "ಹೂಂ, ನನಗೆಲ್ಲಿ ಗೊತ್ತಾಗಬೇಕು" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಸೊಸೆ ಈ ಕತೆಯನ್ನು ಎಷ್ಟು ಸಲ ಕೇಳಿದ್ದಳೆಂದರೆ, ಎಲ್ಲಿ ನಗಬೇಕು ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು. ಒಳಗೊಳಗೇ ಒಂದಿಷ್ಟು ಸಮಾಧಾನವೂ ಆಗುತ್ತಿತ್ತು. ಯಾಕೆಂದರೆ ಅತ್ತೆಯವರು ಜೀವಮಾನದಲ್ಲಿ ಮಾಡಿದ ತಪ್ಪು ಅದೊಂದೇ ಎಂದು ಕಾಣುತ್ತದೆ. ಮಿಕ್ಕ ತಪ್ಪುಗಳೆಲ್ಲ ಸೊಸೆಯ ಪಾಲಿಗೆ ಉಳಿದಿದ್ದವು. ಅವಳು ಗ್ಯಾಸ್ ಆರಿಸಿ ಬಂದರೆ ಅತ್ತೆ ಎದ್ದು ಹೋಗಿ ಇನ್ನೊಂದು ಸಲ ತಿರುವಿ ನೋಡಿ ಬರುವರು. ಬಾಗಿಲು ಹಾಕಿದರೆ ಚಿಲಕ ಜಗ್ಗಿ ನೋಡುವರು. ಒಂದು ಮಾತೂ ಆಡುತ್ತಿರಲಿಲ್ಲ, ಅದೇ ಕಷ್ಟ. ಆಡಿದ್ದರೆ ಜಗಳವನ್ನಾದರೂ ಕಾಯಬಹುದಿತ್ತು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ಅವಳು. ಊರಿನ ಅರ್ಧಕ್ಕರ್ಧ ಜನ ಅವಳು ಕೊಟ್ಟ ನಂಬರನ್ನು ನಂಬಿಕೊಂಡು ರಸ್ತೆ ದಾಟುತ್ತಿದ್ದರು. ಮನೆಯೊಳಗೆ ಮಾತ್ರ ಅವಳು ಮುಚ್ಚಿದ ಒಂದು ಮುಚ್ಚಳಕ್ಕೂ ನಂಬಿಕೆ ಇರಲಿಲ್ಲ.

ಮಾವನವರ ಕಣ್ಣಿನ ಪೊರೆ ತೆಗೆಸಿದ್ದು ಈ ಸಲದ ಚಳಿಗಾಲ ಮುಗಿದ ಮೇಲೆ. ಪಟ್ಟಿ ಬಿಚ್ಚಿದ ದಿನದಿಂದ ಅವರು ಮಗುವಾಗಿಬಿಟ್ಟರು. ಗೋಡೆಯ ಬಿರುಕು ಕಂಡಿತು, ಎದುರುಮನೆಯ ಮಾಳಿಗೆಯ ಮೇಲಿನ ಬೆಕ್ಕಿಗೆ ಒಂದು ಕಿವಿ ಇಲ್ಲದ್ದು ಕಂಡಿತು. ಆಮೇಲೆ ಹಟ ಶುರುವಾಯಿತು: ಹಳೆ ಲೈನು ನೋಡಬೇಕು. ಆ ಗುಡ್ಡದ ರೈಲು ನಿಂತುಹೋಗಿ ಬಹಳ ಕಾಲವಾಗಿತ್ತು. ಕಂಬಿಗಳನ್ನೆಲ್ಲ ಕಿತ್ತು, ಜಲ್ಲಿಯ ಮೇಲೆ ಮಣ್ಣು ಹರಡಿ, ಕಾಲ್ನಡಿಗೆಯವರಿಗೆಂದು ದಾರಿ ಮಾಡಿದ್ದರು. ರಜೆಯ ದಿನ ಬಂದರೆ ಜನ ಬೆನ್ನಿಗೊಂದು ಚೀಲ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದರು.

"ಕಣ್ಣು ಬಂತು ಅಂತ ಕಾಲೂ ಬಂತು ಅಂದ್ಕೋಬೇಡಿ" ಎಂದರು ಅತ್ತೆ.

"ರೈಲು ಹತ್ತೋ ದಾರಿ ಕಣೇ ಅದು, ಏರು ಅಂತ ಗೊತ್ತೇ ಆಗಲ್ಲ" ಎಂದರು ಮಾವ.

ಇಬ್ಬರ ನಡುವೆ ಸೊಸೆ ಬಾಯಿ ಹಾಕಿದಳು. "ನಾನು ಕರ್ಕೊಂಡು ಹೋಗಿ ಬರ್ತೀನಿ ಅತ್ತೆ." ಹೇಳಿದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು, ಅಷ್ಟರಲ್ಲಿ ಮಾವ ಕ್ಯಾನ್ವಾಸ್ ಷೂ ಹುಡುಕಲು ಮಂಚದ ಕೆಳಗೆ ತೂರಿಯಾಗಿತ್ತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ರಜೆ ಸಿಗಲಿಲ್ಲ. ಅವನು ಹೊರಡುವಾಗ ಹೇಳಿದ್ದು ಒಂದೇ ಮಾತು: "ಅಪ್ಪನ್ನ ಒಂದು ಗಳಿಗೆ ಕೂಡ ಒಬ್ಬರನ್ನೇ ಬಿಡಬೇಡ."

ಕೆಳಗಿನ ಸ್ಟೇಷನ್ನು ಈಗ ಕ್ಯಾಂಟೀನು. ಟಿಕೆಟ್ ಕೊಡುತ್ತಿದ್ದ ಕಿಂಡಿಯಲ್ಲಿ ಚಹಾ ಕೊಡುತ್ತಾರೆ. ಮಂಡಿನೋವಿನ ಅತ್ತೆ ಅಲ್ಲೇ ಒಂದು ಬೆಂಚು ಹಿಡಿದು ಕೂತರು. ಸೊಸೆ ಫ್ಲಾಸ್ಕಿಗೆ ಚಹಾ ತುಂಬಿಸಿ ಮುಚ್ಚಳ ಬಿಗಿ ಮಾಡಿದಳು. ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಇನ್ನೊಂದು ಸುತ್ತು ತಿರುವಿ ನೋಡಿ, ವಾಪಸ್ಸು ಕೊಟ್ಟರು.

"ಹೇಗೆ ಕರ್ಕೊಂಡು ಹೋಗ್ತಿದ್ದೀಯೋ ಹಾಗೇ ತಂದು ಒಪ್ಪಿಸು" ಎಂದರು. ನಗುತ್ತಾ ಅಂದದ್ದೇನೋ ನಿಜ. ಆದರೆ ಆ ನಗು ಹಲ್ಲಿನವರೆಗೆ ಮಾತ್ರ ಬಂದಿತ್ತು.

ದಾರಿ ಮಾವ ಹೇಳಿದ ಹಾಗೇ ಇತ್ತು. ಏರು ಗೊತ್ತೇ ಆಗುತ್ತಿರಲಿಲ್ಲ. ಹಿಂತಿರುಗಿ ನೋಡಿದಾಗ ಮಾತ್ರ ಕ್ಯಾಂಟೀನಿನ ಹೆಂಚು ಅಂಗೈಯಗಲ ಆಗಿರುತ್ತಿತ್ತು. ಕಂಬಿಗಳ ಕೆಳಗಿದ್ದ ಹಳೆಯ ಮರದ ಸ್ಲೀಪರುಗಳನ್ನು ಕೂಡಿಸಿ ಅಲ್ಲಲ್ಲಿ ಬೆಂಚು ಮಾಡಿದ್ದರು. ಮಾವ ಒಂದೊಂದನ್ನೂ ಸವರಿ ನೋಡಿದರು. "ಇಲ್ಲಿ ಇಂಜಿನ್ನಿಗೆ ಏದುಸಿರು ಬರ್ತಿತ್ತು. ಇಲ್ಲಿ ಜನ ಇಳಿದು ಗಾಡಿ ಪಕ್ಕದಲ್ಲೇ ನಡ್ಕೊಂಡು ಬರ್ತಿದ್ರು, ಗಾಡಿಗಿಂತ ಮುಂಚೆ ಬಂದು ಕಾಯ್ತಿದ್ರು." ಕೆಳಗಿನ ಸುರಂಗದೊಳಗೆ ಕಾಲಿಡುತ್ತಲೇ ತಾನಾಗಿ ದೀಪ ಹತ್ತಿಕೊಂಡಿತು. ಅದೊಂದು ಅವರಿಗೆ ಸರಿಬರಲಿಲ್ಲ. "ಸುರಂಗ ಅಂದ್ಮೇಲೆ ಕತ್ತಲೆ ಇರಬೇಕು. ಇದೇನು ಮದುವೆಮನೇನಾ?" ಎಂದು ಗೊಣಗುತ್ತಲೇ ದಾಟಿದರು.

ನಡುಗುಡ್ಡದ ಸ್ಟೇಷನ್ನಿಗೆ ಹೊಸ ತಗಡು ಹೊದಿಸಿ, ಪಾರ್ಸೆಲ್ ಕೋಣೆಯನ್ನು ಶೌಚಾಲಯ ಮಾಡಿದ್ದರು. ಪಕ್ಕದ ಎರಡು ಕೋಣೆಯ ಮನೆಯಲ್ಲಿ ಸಲಿಕೆ, ಪೊರಕೆ, ಬಣ್ಣದ ಡಬ್ಬಿ. ಮಾವ ಕಿಟಕಿಯ ಸರಳಿಗೆ ಮುಖ ಒತ್ತಿ ಬಹಳ ಹೊತ್ತು ನಿಂತರು.

"ಆ ಗೋಡೆ ನೋಡು. ಮೊಳೆ ಇನ್ನೂ ಇದೆ."

"ಯಾವ ಮೊಳೆ ಮಾವ?"

"ಕನ್ನಡಿಯದ್ದು" ಎಂದರು. ಕತೆಯಲ್ಲಿನ ಕನ್ನಡಿ ಎಂದು ಸೊಸೆಗೆ ಗೊತ್ತಾಯಿತು. ಆದರೂ ಯಾಕೋ ಈ ಸಲ ಅವರು ತೊಡೆ ತಟ್ಟಲಿಲ್ಲ, ನಗಲೂ ಇಲ್ಲ.

ಆಗ ಬಂತು ನೋಡಿ ಅಂಗಡಿಯಿಂದ ಫೋನು. ಒಬ್ಬ ಹಿರಿಯರು ಹೊಸ ಕನ್ನಡಕ ಹಾಕಿಕೊಂಡು ತಲೆ ಸುತ್ತುತ್ತದೆಂದು ಬಂದು ಕೂತಿದ್ದರಂತೆ. ಅಂಗಡಿಯ ಹುಡುಗಿ ಎಡದ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂರಿಸಿಬಿಟ್ಟಿದ್ದಳು. ಸೊಸೆ ಮಾವನನ್ನು ಬೆಂಚಿನ ಮೇಲೆ ಕೂರಿಸಿ, ಸಿಗ್ನಲ್ ಸಿಗುವ ಮೂಲೆ ಹುಡುಕಿಕೊಂಡು ಸ್ಟೇಷನ್ನಿನ ಹಿಂಬದಿಗೆ ಹೋದಳು. "ಬಲಗಣ್ಣು ಅಂದ್ರೆ ನಮ್ಮ ಬಲ ಅಲ್ಲಮ್ಮ, ಎದುರಿಗೆ ಕೂತಿರೋರ ಬಲ! ಎಷ್ಟು ಸಲ ಹೇಳಿದೀನಿ? ಯಾರ ಬಲ ಅಂತ ಮೊದಲು ಕೇಳ್ಕೋಬೇಕು." ಒಂದು ಗಳಿಗೆಯ ಮಾತು ಎಳೆದು ಎಳೆದು ಐದಾರು ಗಳಿಗೆಯಾಯಿತು. ತಿರುಗಿ ಬಂದು ನೋಡಿದರೆ ಬೆಂಚಿನ ಮೇಲೆ ಫ್ಲಾಸ್ಕ್ ಇದೆ, ಮಾವ ಇಲ್ಲ.

ಶೌಚಾಲಯಕ್ಕೆ ಹೋಗಿರಬಹುದೆಂದು ಕಾದಳು. ಕೂಗಿದಳು. ಬಾಗಿಲು ಬಡಿದಳು. ಸಲಿಕೆ ಇಟ್ಟ ಮನೆಯ ಸುತ್ತ ಎರಡು ಬಾರಿ ಓಡಿದಳು. ಅವರ ಫೋನಿಗೆ ಮಾಡಿದರೆ ಸಿಗುತ್ತಿಲ್ಲ.  ಅಷ್ಟರಲ್ಲಿ ಅವರೇ ಮಾಡಿದರು. ಗಾಳಿಯ ಸದ್ದಿನಲ್ಲಿ ಅರ್ಧಂಬರ್ಧ ಕೇಳಿತು.

"ಗಾಬರಿ ಆಗ್ಬೇಡ. ಸ್ಟೇಷನ್ ಬಿಟ್ಟು ಡೌನ್ ಕಡೆ ಬಂದೆ, ಸುರಂಗ ದಾಟಿ ಸ್ವಲ್ಪ ಆಚೆ. ಜಾರಿ ಕೂತುಬಿಟ್ಟೆ, ಕಾಲು ಉಳುಕಿದೆ, ಏಳಕ್ಕಾಗ್ತಿಲ್ಲ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡ…" ಅಷ್ಟೇ. ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ಡ್ ಆಫ್.

ಡೌನ್ ಕಡೆ. ಸರಿ, ಕೆಳಗಿನ ಸುರಂಗ. ಸೊಸೆ ದಡದಡನೆ ಇಳಿದಳು. ದಾರಿ ಕಾಯುವವನೊಬ್ಬ ಸ್ಟೇಷನ್ನಿನ ಬಳಿಯೇ ಇದ್ದ, ಖಾಕಿ ಜಾಕೆಟ್ಟಿನ ದಪ್ಪ ಆಸಾಮಿ. ಬೇಲಿ ದಾಟುವವರಿಗೆಲ್ಲ ಸೀಟಿ ಊದಿ ಊದಿ ಅವನ ಹೆಸರೇ ಸೀಟಿ ಎಂದಾಗಿತ್ತು. ವಿಷಯ ಕೇಳಿ ಅವನೂ ಟಾರ್ಚ್, ಹಗ್ಗ ಹಿಡಿದು ಹಿಂದೆ ಬಂದ. ಇಬ್ಬರೂ ಸುರಂಗ ದಾಟಿ ಎಲ್ಲಾ ಬೆಂಚು, ಎಲ್ಲಾ ತಿರುವು ನೋಡಿದರು. "ಮಾವಾ" ಎಂದು ಅವಳು ಕೂಗುವುದು, ಇವನು ಸೀಟಿ ಊದುವುದು. ಗುಡ್ಡ ಎರಡನ್ನೂ ವಾಪಸ್ಸು ಕೊಡುತ್ತಿತ್ತು, ಅದರ ಜೊತೆಗೆ ಮೂರನೆಯ ದನಿ ಮಾತ್ರ ಬರಲಿಲ್ಲ. ಮಧ್ಯಾಹ್ನ ಇಳಿಯುತ್ತಿತ್ತು. ಕಣಿವೆಯಿಂದ ಮಂಜು ಮೆಲ್ಲಗೆ ಎದ್ದು ಬರತೊಡಗಿತ್ತು.

ಒಂದು ತಿರುವಿನಲ್ಲಿ ಸೀಟಿ ನಿಂತ. ಅಲ್ಲಿ ಬೇಲಿಯ ತಂತಿ ಕಿತ್ತುಹೋಗಿತ್ತು. ಕೆಳಗಿನ ಹುಲ್ಲಿನ ಮೇಲೆ ಏನೋ ಜಾರಿಕೊಂಡು ಹೋದ ಗುರುತು.

"ಇದು ಬೆಳಿಗ್ಗೆ ಇರಲಿಲ್ಲ ಮೇಡಂ" ಎಂದ.

ಸೊಸೆ ತಂತಿ ಹಿಡಿದು ಬಗ್ಗಿ ನೋಡಿದಳು. ಹುಲ್ಲು, ಆಮೇಲೆ ಪೊದೆ, ಆಮೇಲೆ ಬರೀ ಬಿಳಿ. ಜಾರಿ ಕೂತೆ ಅಂದರಲ್ಲ ಮಾವ, ಎಲ್ಲಿಗೆ ಜಾರಿದರು?

"ಹಗ್ಗ ಕಟ್ಟಿ ಇಳಿದು ನೋಡ್ತೀನಿ. ಅದಕ್ಕೆ ಮುಂಚೆ ಮನೆಯವರಿಗೊಂದು ಮಾತು ಹೇಳಿಬಿಡಿ" ಎಂದ ಸೀಟಿ.

"ಬೇಡ."

"ಹೇಳಬೇಕು ಮೇಡಂ. ಆಮೇಲೆ ಏನಾದ್ರೂ…"

 ಅವಳಿಗೆ ಕಣ್ಮುಂದೆ ಬಂದದ್ದು ಅತ್ತೆಯ ಕೈ: ಗ್ಯಾಸಿನ ಗುಂಡಿ ತಿರುವಿ ನೋಡುವ ಆ ಕೈ. ನೋಡಿದೆಯಾ, ನಾನು ಯಾಕೆ ನೋಡ್ತಿದ್ದೆ ಅಂತ ಈಗ ಗೊತ್ತಾಯ್ತಾ, ಎಂದು ಆ ಕೈಯೇ ಕೇಳಿದ ಹಾಗಾಯಿತು. ಆದರೂ ಫೋನ್ ಒತ್ತಿದಳು. ಸೀಟಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದಳು.

"ಅತ್ತೆ, ನಂದು ತಪ್ಪಾಯ್ತು. ಮಾವ ಕಾಣ್ತಿಲ್ಲ." ಮುಂದೆ ಅಳುವೇ ಬಂತು.

ಆ ಕಡೆ ಕ್ಯಾಂಟೀನಿನ ಲೋಟಗಳ ಸದ್ದು. ಅದರ ನಡುವೆ ಅತ್ತೆಯ ದನಿ, ಒಣಗಿದ ದನಿ. "ಅಳ್ಬೇಡ. ಫೋನ್ ಮಾಡಿದ್ರಾ ಅವರು? ಏನಂದ್ರು? ನಿನ್ನ ಮಾತಲ್ಲಿ ಬೇಡ, ಅವರು ಆಡಿದ್ದು ಆಡಿದ ಹಾಗೇ ಹೇಳು."

"ಡೌನ್ ಕಡೆ ಸುರಂಗ ದಾಟಿ ಆಚೆ ಇದೀನಿ ಅಂದ್ರು. ಕಾಲು ಉಳುಕಿದೆ ಅಂದ್ರು. ಅದೇ ಸುರಂಗ ದಾಟಿ ಕೆಳಗೆ ಬಂದಿದೀವಿ, ಎಲ್ಲೂ ಇಲ್ಲ. ಇಲ್ಲಿ ಬೇಲಿ…"

"ಕೆಳಗ್ಯಾಕೆ ಹೋದ್ರಿ? ಮೇಲೆ ಹೋಗಿ!"

"ಡೌನ್ ಅಂದ್ರಲ್ಲ ಅತ್ತೆ."

"ಅಯ್ಯೋ, ಡೌನ್ ಅಂದ್ರೆ ಮೇಲೇನೇ ಕಣೇ! ದೊಡ್ಡ ಆಫೀಸು ಇದ್ದದ್ದು ಕೆಳಗಿನ ಊರಲ್ಲಿ. ಆಫೀಸಿನ ಕಡೆ ಬರೋದೆಲ್ಲ ಅಪ್ಪು, ಆಫೀಸಿಂದ ದೂರ ಹೋಗೋದೆಲ್ಲ ಡೌನು. ಗುಡ್ಡ ಹತ್ತೋ ಗಾಡಿ ಡೌನು, ಇಳಿಯೋ ಗಾಡಿ ಅಪ್ಪು. ಈ ರೈಲಿನವರ ತಲೆಗಿಷ್ಟು! ಮೇಲಿನ ಸುರಂಗಕ್ಕೆ ಹೋಗಿ, ಓಡಿ."

ಸೊಸೆ ಸೀಟಿಯ ಮುಖ ನೋಡಿದಳು, ಸೀಟಿ ಅವಳ ಮುಖ ನೋಡಿದ. ಅವನು ಈ ಕೆಲಸಕ್ಕೆ ಸೇರಿದ್ದು ಕಂಬಿ ಕಿತ್ತ ಮೇಲೆ. ರೈಲಿನ ಮುಖ ಕಂಡವನಲ್ಲ. "ಡೌನ್ ಅಂದ್ರೆ ಕೆಳಗೇ ಅಲ್ವಾ?" ಎಂದ ಮೆಲ್ಲಗೆ. "ಇಲ್ಲಿ ಗುರುತು ಇದೆ ಮೇಡಂ. ಇದನ್ನ ಬಿಟ್ಟು ಮೇಲೆ ಹೋಗಿ, ಅಲ್ಲೂ ಇಲ್ಲ ಅಂತಾದ್ರೆ ಮಂಜು ಪೂರ್ತಿ ಮುಚ್ಚಿರುತ್ತೆ. ಇರೋದು ಒಂದು ಟಾರ್ಚು. ನಿಮ್ಮೊಬ್ಬರನ್ನೇ ಎಲ್ಲಿಗೂ ಕಳಿಸೋ ಹಾಗಿಲ್ಲ ನಾನು."

ಹೇಳಬಾರದಿತ್ತು, ಆದರೆ ಹೇಳಿದಳು. "ಅತ್ತೆ, ನಿಮಗೆ ಗ್ಯಾರಂಟೀನಾ? ಅಂದ್ರೆ… ನೀವೇ ಒಂದು ಸಲ ಅಪ್ ಡೌನ್ ತಿಳೀದೆ ತಪ್ಪು ಗಾಡಿ…"

ಆ ಕಡೆ ಅತ್ತೆ ಎದ್ದು ಆಚೆ ಬಂದಿರಬೇಕು, ಲೋಟಗಳ ಸದ್ದು ದೂರವಾಯಿತು. 

"ತಪ್ಪು ಗಾಡಿ ಅಲ್ಲ ಅದು" ಎಂದರು ಅತ್ತೆ. "ಗೊತ್ತಿದ್ದೇ ಹತ್ತಿದ್ದು. ಗಂಡನ್ನ ಬಿಟ್ಟು ತವರಿಗೆ ಹೊರಟಿದ್ದೆ ಕಣೇ ನಾನು. ಸಿಗ್ನಲ್ ದೀಪಕ್ಕೆ ಬತ್ತಿ ಬಂತು, ಎಣ್ಣೆ ಬಂತು, ನಾನು ಕೇಳಿ ಕೇಳಿ ಸಾಕಾದ್ರೂ ಒಂದು ಕನ್ನಡಿ ಬರಲಿಲ್ಲ. ಮನೇಲಿ ಮಾತಾಡೋದೂ ಗಾಡಿ ವಿಷಯಾನೇ. ನನ್ನ ಮುಖ ಹೇಗಿದೆ ಅನ್ನೋದೇ ಮರ್ತುಹೋಗಿತ್ತು. ಅಪ್ ಗಾಡಿ ಅಂತ ಗೊತ್ತಿದ್ದೇ ಹತ್ತಿದೆ. ಕೆಳಗಿನ ಸ್ಟೇಷನ್ ಮಾಸ್ತರು ಬಂದು, 'ತಪ್ಪು ಗಾಡಿ ಹತ್ತಿದೀರಂತೆ, ನಿಮ್ಮೆಜಮಾನ್ರು ಫೋನ್ ಮಾಡಿದ್ರು' ಅಂದ್ರು. ಪಾಪ, ಈ ಮನುಷ್ಯ ಹಾಗೇ ನಂಬಿದಾರಲ್ಲ ಅಂತ ಅನ್ನಿಸ್ತು. ವಾಪಸ್ ಬಂದೆ. ಇವತ್ತಿಗೂ ನಿಮ್ಮ ಮಾವನಿಗೆ ಗೊತ್ತಿಲ್ಲ. ಈಗ ಸಾಕಾ ಗ್ಯಾರಂಟಿ? ಇನ್ನೂ ಏನು ನಿಂತ್ಕೊಂಡು ಕೇಳ್ತಿದ್ದೀಯ? ಓಡೇ!"

ಸೀಟಿ ಅದಾಗಲೇ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ. "ಗ್ಯಾರಂಟಿ ಸಾಕು ಮೇಡಂ" ಎಂದ.

ಓಡಿದರು. ಇಳಿಯುವಾಗ ಗೊತ್ತೇ ಆಗದಿದ್ದ ಏರು ಈಗ ಒಂದೊಂದು ಹೆಜ್ಜೆಗೂ ಗೊತ್ತಾಯಿತು. ಕೆಳಗಿನ ಸುರಂಗದ ದೀಪಗಳು ಅವರ ಹಿಂದೆಯೇ ಓಡಿಬಂದವು. ಸ್ಟೇಷನ್ನು, ಬೆಂಚು, ಫ್ಲಾಸ್ಕು. ಅದನ್ನು ಎತ್ತಿಕೊಂಡು ಮತ್ತೆ ಓಟ. ಯಾರ ಬಲ ಅಂತ ಮೊದಲು ಕೇಳಿಕೊಳ್ಳಬೇಕು ಎಂದು ಆಗಷ್ಟೇ ಅಂಗಡಿಯ ಹುಡುಗಿಗೆ ಪಾಠ ಹೇಳಿದವಳು ತಾನೇ, ಯಾರ ಡೌನು ಅಂತ ಕೇಳಲಿಲ್ಲವಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು. ಮೇಲಿನ ಸುರಂಗ ಉದ್ದದ್ದು. ನಡುವೆ ಸೀಟಿ ನಿಂತು ಸೀಟಿ ಊದಿದ.

ಆ ತುದಿಯಿಂದ ಒಂದು ದನಿ ಬಂತು. "ಯಾರ್ರೀ ಅದು ಸುರಂಗದೊಳಗೆ ಸೀಟಿ ಊದೋದು? ಸುರಂಗಕ್ಕೆ ಮುಂಚೆ ಊದಬೇಕು!"

 ಸೊಸೆ ನಗುತ್ತಲೋ ಅಳುತ್ತಲೋ ಉಳಿದ ಸುರಂಗವನ್ನು ದಾಟಿ ಹೊರಗೆ ಬಂದಳು.

ಸುರಂಗದ ಬಾಯಿಂದ ಸ್ವಲ್ಪ ಆಚೆ, ಒಂದು ಮೋಟುಗೋಡೆಗೆ ಬೆನ್ನು ಕೊಟ್ಟು ಮಾವ ಕೂತಿದ್ದರು. ಷೂ ಬಿಚ್ಚಿ ಪಕ್ಕಕ್ಕೆ ನೀಟಾಗಿ ಇಟ್ಟಿದ್ದರು, ಪಾದ ಊದಿಕೊಂಡಿತ್ತು, ಮುಖ ಚಳಿಗೆ ಬೆಳ್ಳಗಾಗಿತ್ತು. ಸೊಸೆ ಅವರ ಎರಡೂ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. "ಮಾವ, ನೀವು ನನ್ನ ಪ್ರಾಣ ತೆಗೆದುಬಿಟ್ರಿ" ಎಂದಳು. ಅಷ್ಟು ಸಲಿಗೆಯಿಂದ ಅವಳು ಅವರ ಜೊತೆ ಮಾತಾಡಿದ್ದು ಅದೇ ಮೊದಲು. ಸೀಟಿ ಪಾದ ಮುಟ್ಟಿ ನೋಡಿ, ಮೂಳೆ ಮುರಿದಿಲ್ಲ ಎಂದು ಹೇಳಿ, ಬ್ಯಾಟರಿ ಗಾಡಿ ಕರೆಸಲು ಸಿಗ್ನಲ್ ಹುಡುಕುತ್ತಾ ಆಚೆ ಹೋದ. ಬೇಲಿ ಕಿತ್ತದ್ದು ದನಗಳಿರಬೇಕು ಎಂದು ತಾನೇ ಗೊಣಗಿಕೊಂಡ.

ಸೊಸೆ ಮೊದಲು ಅತ್ತೆಗೆ ಫೋನ್ ಮಾಡಿದಳು. "ಸಿಕ್ಕಿದ್ರು ಅತ್ತೆ" ಎಂದಳು. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. "ಚಹಾ ಕುಡಿಸು" ಎಂದಷ್ಟೇ ಹೇಳಿ ಇಟ್ಟರು.

ಮಾವ ಎರಡೂ ಕೈಯಲ್ಲಿ ಲೋಟ ಹಿಡಿದು ಅವಳನ್ನೇ ನೋಡಿದರು. "ಹೇಳ್ಬೇಡ ಅಂದ್ರೂ ಹೇಳ್ಬಿಟ್ಯಾ?"

"ಹೇಳದೆ ಇದ್ದಿದ್ರೆ ನೀವು ಇಲ್ಲೇ ಇರ್ತಿದ್ರಿ. ನಾನು ಕೆಳಗೆ ಹೋಗಿ ಹುಡುಕ್ತಿದ್ದೆ. ಡೌನ್ ಅಂದ್ರೆ ಮೇಲೆ ಅಂತ ಅತ್ತೆ ಹೇಳಿದ್ದು."

"ಹೇಳ್ತಾಳೆ" ಎಂದರು ಮಾವ, ಬಿಸಿ ಚಹಾ ಊದಿಕೊಳ್ಳುತ್ತಾ. "ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ."

ಸೊಸೆ ತನ್ನ ಲೋಟಕ್ಕೆ ಚಹಾ ಬಗ್ಗಿಸುತ್ತಿದ್ದವಳು ಫ್ಲಾಸ್ಕ್ ಕೆಳಗಿಟ್ಟಳು. "ಮತ್ತೆ ಕಂಡಕಂಡೋರ ಮುಂದೆಲ್ಲ ನೀವು ತೊಡೆ ತಟ್ಟಿ ತಟ್ಟಿ…"

ಮಾವ ಸುರಂಗದ ಕಡೆ ನೋಡಿದರು, ಸೀಟಿ ಹೋದ ದಿಕ್ಕು ನೋಡಿದರು. ಆಮೇಲೆ ಕೆಳಗಿನ ಕಣಿವೆಗೆ ಕೈ ತೋರಿಸಿದರು. ಮಂಜು ಇಲ್ಲಿಗಿನ್ನೂ ಏರಿರಲಿಲ್ಲ. ಅದರ ಮೇಲಿನಿಂದ ಹಳೆಯ ಲೈನಿನ ತಿರುವುಗಳು ಒಂದರ ಕೆಳಗೊಂದು ಕಾಣುತ್ತಿದ್ದವು, ಒಂದು ಕಡೆ ಕಾಣೆಯಾಗಿ ಇನ್ನೊಂದು ಕಡೆ ಮತ್ತೆ ಹುಟ್ಟುತ್ತಿದ್ದವು.

"ಅವತ್ತು ಅವಳು ಪೆಟ್ಟಿಗೆ ಹಿಡ್ಕೊಂಡು ಪ್ಲಾಟ್‌ಫಾರ್ಮಿಗೆ ಬಂದಳು. ಕನ್ನಡಿ ತರೋಕೆ ಯಾರಾದ್ರೂ ಸೀರೆ ತುಂಬಿದ ಪೆಟ್ಟಿಗೆ ತಗೊಂಡು ಹೋಗ್ತಾರಾ? ಅಪ್ ಗಾಡಿ ಬಂತು, ಹತ್ತಿದಳು. ಗಾಡಿ ಬಿಡೋನು ನಾನ್ತಾನೇ. ಹಸಿರು ಬಾವುಟ ನನ್ನ ಕೈಯಲ್ಲಿ. ಒಂದೇ ಒಂದು ಸಲ ತಿರುಗಿ ನೋಡಿದ್ರೆ ತೋರಿಸೋದಿಲ್ಲ ಅಂದ್ಕೊಂಡೆ. ನೋಡಲಿಲ್ಲ. ತೋರಿಸಿದೆ." ಮಾವ ಲೋಟ ಕೆಳಗಿಟ್ಟರು. "ಹೆಂಡತಿ ಹೋಗೋ ಗಾಡಿಗೆ ನಾನೇ ಹಸಿರು ಬಾವುಟ ತೋರಿಸಿದೆ. ಆಮೇಲೆ ಡ್ಯೂಟಿ ಬಿಟ್ಟು ಇಲ್ಲಿಗೆ ಓಡಿ ಬಂದೆ. ಕೆಲಸ ಬಿಟ್ಟು ಓಡಿದ್ದು ಅದೊಂದೇ ಸಲ. ಇಲ್ಲಿಂದ ಎಲ್ಲ ತಿರುವೂ ಕಾಣುತ್ತೆ. ಗಾಡಿ ಇಳೀತಾ ಇದೆ, ಇಳೀತಾ ಇದೆ… ಹಾಳಾದ್ದು ಬೇಗ ಮರೆಯಾಗ್ಲೂ ಇಲ್ಲ. ಕಣ್ಣು ಬಂದ್ಮೇಲೆ ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತು. ನಿಂಗೆ ಹೇಳಿದ್ರೆ ಬಿಡ್ತಿರಲಿಲ್ಲ."

"ಕೆಳಗಿನ ಮಾಸ್ತರಿಗೆ ಫೋನ್ ಮಾಡಿದ್ದು?"

"ಏನಂತ ಹೇಳ್ಲಿ ಹೇಳು? ಹೆಂಡತಿ ಬಿಟ್ಟು ಹೋದಳು ಅಂದ್ರೆ ಲೈನೆಲ್ಲ ಗುಲ್ಲು. ಅವಳಿಗೆ ಮನಸ್ಸು ತಿರುಗಿದ್ರೂ ವಾಪಸ್ ಬರೋಕೆ ಮುಖ ಇರ್ತಿರಲಿಲ್ಲ. 'ಹೊಸಬಳು, ಅಪ್ ಡೌನ್ ತಿಳಿಯಲ್ಲ, ತಪ್ಪು ಗಾಡಿ ಹತ್ತಿದಾಳೆ, ಮುಂದಿನ ಡೌನ್ ಗಾಡಿಗೆ ಹತ್ತಿಸಿ ಕಳಿಸಿ' ಅಂದೆ. ವೇಟಿಂಗ್ ರೂಮಿನ ಕನ್ನಡಿ ಬಿಚ್ಚಿ ತಂದು ಮನೆಗೋಡೆಗೆ ಮೊಳೆ ಹೊಡೆದೆ. ಹೊಡೆದು ಕಾದೆ." ಅವರು ಮೂಗೆಳೆದುಕೊಂಡರು. "ಸಂಜೆ ಗಾಡಿಯಲ್ಲಿ ಇಳಿದಳು. 'ನಿಮ್ಮ ಗಾಡಿಗಳ ತಲೆಬುಡ ನನಗರ್ಥ ಆಗಲ್ಲ' ಅಂದಳು. 'ಹೋಗ್ಲಿ ಬಿಡು, ಹೊಸತರಲ್ಲಿ ಹಾಗೇ' ಅಂದೆ. ಮುಗೀತು. ಯಾರಿಗೂ ಬೇರೆ ಅನುಮಾನ ಬರದಿರಲಿ ಅಂತ ನಾನೇ ಆ ಕತೆ ಎಲ್ಲರಿಗೂ ಹೇಳ್ಕೊಂಡು ಬಂದೆ."

"ನಿಮಗೆ ಗೊತ್ತಿತ್ತು ಅಂತ ಅತ್ತೆಗೆ ಗೊತ್ತಾ?"

"ಎಲ್ಲಾದ್ರೂ ಉಂಟಾ! ನಾನು ಪೂರ್ತಿ ನಂಬಿದೀನಿ ಅಂತಲೇ ಅವಳ ಲೆಕ್ಕ. ನೀನು ಎಲ್ಲಾದ್ರೂ ಬಾಯಿ ಬಿಟ್ಟೀಯ, ಜೋಕೆ."

ಸೊಸೆಗೆ ಬಾಯಿ ತುಂಬ ಮಾತಿತ್ತು. ಚಹಾದ ಜೊತೆ ನುಂಗಿಕೊಂಡಳು. ಎರಡು ತುದಿಯಲ್ಲಿ ಇಬ್ಬರು ಕೂತು, ಒಬ್ಬರು ಇನ್ನೊಬ್ಬರಿಗೆ ಗೊತ್ತಾಗಬಾರದೆಂದು ಇಷ್ಟು ಕಾಲ ಒಂದೇ ಕತೆಯನ್ನು ಕಾದುಕೊಂಡು ಬಂದಿದ್ದರು, ಮತ್ತು ಈಗ ಎರಡೂ ತುದಿ ಅವಳ ಕೈಗೆ ಸಿಕ್ಕಿದ್ದವು.

ಬ್ಯಾಟರಿ ಗಾಡಿ ಕ್ಯಾಂಟೀನಿನ ಮುಂದೆ ನಿಂತಾಗ ಅತ್ತೆ ಮೆಟ್ಟಿಲಿಳಿದು ಬಂದಿದ್ದರು, ಮಂಡಿನೋವು ಎಲ್ಲಿ ಹೋಗಿತ್ತೋ. ಮಾವನ ಮುಖ ನೋಡಿದರು, ಪಾದ ನೋಡಿದರು, ತೋಳು ಮುಟ್ಟಿ ನೋಡಿದರು. ಆಮೇಲೆ ಬೈಗುಳ ಶುರು. "ಕಣ್ಣು ಬಂತು ಅಂತ ಕಾಲೂ ಬಂತು ಅಂದ್ಕೋಬೇಡಿ ಅಂದೆನಾ ಇಲ್ವಾ? ಹೇಳಿ, ಅಂದೆನಾ ಇಲ್ವಾ?" ಮಾವ ಸುಮ್ಮನೆ ಬೈಸಿಕೊಂಡರು. ಬೈಗುಳ ಕೇಳುತ್ತಾ ಕೇಳುತ್ತಾ ಅವರ ಮುಖಕ್ಕೆ ಬಣ್ಣ ಬಂತು. ಕಿಂಡಿಯಿಂದ ಬಿಸಿ ಚಹಾ ಬಂತು, ಮೂವರೂ ಒಂದೇ ಬೆಂಚಿನ ಮೇಲೆ ಕೂತರು. ಅತ್ತೆ ಒಮ್ಮೆ ಲೋಟದ ಅಂಚಿನಿಂದ ಸೊಸೆಯ ಕಡೆ ನೋಡಿದರು, ಮಾವ ಒಮ್ಮೆ ನೋಡಿದರು. ಸೊಸೆ ಚಹಾದ ಕೆನೆಯನ್ನೇ ಪರೀಕ್ಷೆ ಮಾಡುತ್ತಾ ಕೂತಳು.

ಆಗ ಅವಳ ಫೋನು ಬಡಿದುಕೊಂಡಿತು. ಗಂಡ. ಗಾಬರಿಯಲ್ಲಿ ಅತ್ತೆಯೇ ಮಗನಿಗೂ ಸುದ್ದಿ ಮುಟ್ಟಿಸಿದ್ದರು. ಅಪ್ಪ ಸಿಕ್ಕರೆಂದು ಗೊತ್ತಾದ ಮೇಲೆ ಅವನ ಭಯವೆಲ್ಲ ಸಿಟ್ಟಾಗಿ ತಿರುಗಿತ್ತು. ಫೋನ್ ಕಿವಿಯಿಂದ ದೂರ ಹಿಡಿದರೂ ಮೂವರಿಗೂ ಕೇಳುತ್ತಿತ್ತು. "ಒಂದು ಗಳಿಗೆ ಬಿಡ್ಬೇಡ ಅಂದಿದ್ದೆ ತಾನೇ? ಅಪ್ಪ ಮೇಲಿದ್ರೆ ನೀನು ಕೆಳಗ್ಯಾಕೆ ಹುಡುಕ್ತಿದ್ದೆ? ಅಷ್ಟೂ ಗೊತ್ತಾಗಲ್ವಾ ನಿನಗೆ?"

 ಎಲ್ಲ ನಿಜವೇ. ಸೊಸೆಗೆ ಕಣ್ಣು ತುಂಬಿ ಬಂತು.

ಅತ್ತೆ ಕೈ ಚಾಚಿ ಫೋನು ಕಿತ್ತುಕೊಂಡರು.

"ಅವಳ ಮೇಲ್ಯಾಕೋ ಕೂಗಾಡ್ತೀಯ? ಅವಳು ಮೊದಲೇ ನನ್ನ ಕೇಳಿದಳು. ಕೆಳಗೆ ಹೋಗಿ ಹುಡುಕು ಅಂತ ಹೇಳಿದ್ದು ನಾನು. ಡೌನ್ ಅಂದ್ರೆ ಕೆಳಗೆ ಅಂದ್ಕೊಂಡೆ… ಹೂಂ ಕಣೋ, ಮರ್ತುಹೋಯ್ತು. ಕೊನೆಗೆ ಅವಳೇ ಬುದ್ಧಿ ಓಡಿಸಿ ಮೇಲೆ ಹೋಗಿ ಕರ್ಕೊಂಡು ಬಂದಳು. ಈ ಮನೇಲಿ ತಪ್ಪು ಗಾಡಿ ಹತ್ತೋಳು ನಾನೊಬ್ಬಳೇ ಅಂತ ನಿಂಗೆ ಗೊತ್ತಿಲ್ವಾ? ಇಡು ಫೋನು."

ಮಾವ ಹೆಂಡತಿಯನ್ನು ನೋಡಿದರು. ಡೌನ್ ಅಂದರೆ ಮೇಲೆ ಎಂದು ಹೇಳಿದವಳು ಯಾರೆಂದು ಅವರಿಗೆ ಗೊತ್ತಿತ್ತು. ಲೋಟವನ್ನು ಪಕ್ಕಕ್ಕಿಟ್ಟರು. ಆಮೇಲೆ ಇಡೀ ಕ್ಯಾಂಟೀನು ತಿರುಗಿ ನೋಡುವ ಹಾಗೆ ತೊಡೆ ತಟ್ಟಿಕೊಂಡರು.

"ಕೇಳಿದ್ಯಾ! ಇಷ್ಟು ವಯಸ್ಸಾದ್ರೂ ಅಪ್ ಯಾವುದು ಡೌನ್ ಯಾವುದು ಗೊತ್ತಿಲ್ಲ!"

"ಹೂಂ, ನನಗೆಲ್ಲಿ ಗೊತ್ತಾಗಬೇಕು" ಎಂದರು ಅತ್ತೆ.

ಸೊಸೆ ನಕ್ಕಳು. ಎಲ್ಲಿ ನಗಬೇಕೆಂದು ಬಾಯಿಪಾಠವಿದ್ದ ಕಡೆಯೇ ನಕ್ಕಳು, ಆದರೆ ಈ ಸಲ ನಗು ನಿಲ್ಲಲೇ ಇಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡರೂ ನಿಲ್ಲಲಿಲ್ಲ. ಹೊರಡುವ ಹೊತ್ತಾಯಿತು. ಅವಳು ಉಳಿದ ಚಹಾವನ್ನು ಫ್ಲಾಸ್ಕಿಗೆ ಸುರಿದು ಮುಚ್ಚಳ ಹಾಕಿದಳು. ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ತಿರುವಿ ನೋಡದೆ ಚೀಲದೊಳಗೆ ಇಟ್ಟರು.